ಬಾಗಿಲು ಮುಂದೆ ಮಾಡುವ ಲೆಕ್ಕ

(ಸಣ್ಣ ಉದ್ಯಮಿಗಳೂ ಪತ್ರಿಕೋದ್ಯಮದ ಅಧ್ಯಾಪಕರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಕೇಳಲಾದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಇಲ್ಲಿ ಸೇರಿಸಿಕೊಂಡಿದ್ದೇನೆ.)

ನಮ್ಮ ಮನೆಗಳಲ್ಲಿ ದೀಪವನ್ನು ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಹೋಗುತ್ತೇನೆ ಎನ್ನದೆ ಹೋಗಿ ಬರುತ್ತೇನೆ ಎನ್ನುತ್ತೇವೆ. ಬಾಗಿಲನ್ನು ಮುಚ್ಚು ಎನ್ನಲು ಮನಸ್ಸು ಬಾರದೆ ಮುಂದೆ ಮಾಡು ಎನ್ನುವ ಹಿರಿಯರು ಈಗಲೂ ಇದ್ದಾರೆ. ಈ ಸಂಕೋಚ ಮನೆಯ ಮಟ್ಟಿಗೆ ಚಂದವೇ. ಆದರೆ ಉದ್ಯಮಕ್ಕೆ ಬಂದಾಗ ಅದರಿಂದ ಒಂದು ತೊಂದರೆಯಾಗಿದೆ: ಅಂಗಡಿ ತೆರೆಯುವ ಬಗ್ಗೆ ಹೇಳಿಕೊಡುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ, ಮುಚ್ಚುವ ಬಗ್ಗೆ ಬಾಯಿ ಬಿಡುವವರು ಒಬ್ಬರೂ ಸಿಗುವುದಿಲ್ಲ. ಹದಿನಾಲ್ಕು ವರ್ಷ ನಡೆಸಿದ ಒಂದು ಮಾಧ್ಯಮ ತರಬೇತಿ ಸಂಸ್ಥೆಯನ್ನು ನಾನು ಮತ್ತು ನನ್ನ ಪಾಲುದಾರ ಗೆಳೆಯ ಹೇಗೆ ಮುಚ್ಚಿದೆವು ಎಂಬುದನ್ನು ಇಲ್ಲಿ ಹೇಳುತ್ತೇನೆ. ನಾವು ದಿವಾಳಿಯಾಗಲಿಲ್ಲ. ದಿವಾಳಿಯಾಗುವ ಮೊದಲೇ ನಿಲ್ಲಿಸಿದೆವು. ಈ ಎರಡರ ನಡುವಿನ ವ್ಯತ್ಯಾಸವನ್ನು ನೆಂಟರಿಷ್ಟರಿಗೆ ವಿವರಿಸುವುದು ಆಡಿಟರಿಗೆ ವಿವರಿಸುವುದಕ್ಕಿಂತ ಕಷ್ಟವಾಯಿತು.

ಇಂಥ ಸಂಸ್ಥೆ ಏಕೆ ಹುಟ್ಟಿತು ಎಂಬುದನ್ನು ಮೊದಲು ಹೇಳಬೇಕು. ಕನ್ನಡ ನಾಡಿನಲ್ಲಿ ಪತ್ರಿಕೋದ್ಯಮದ ಪಾಠ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿ ಅವರು ಆ ವಿಭಾಗವನ್ನು ಕಟ್ಟಿದ್ದರು. ಆದರೆ ಅಲ್ಲಿಂದ ಬಹುಕಾಲ ನಮ್ಮ ಕಾಲೇಜುಗಳು ಕಲಿಸಿದ್ದು ಬರೆಯುವ ವಿದ್ಯೆಯನ್ನು, ಕ್ಯಾಮೆರಾದ ಮುಂದೆ ನಿಲ್ಲುವ ವಿದ್ಯೆಯನ್ನಲ್ಲ. 2006ರ ಕೊನೆಗೆ ಟಿವಿ9 ಕನ್ನಡ, 2008ರಲ್ಲಿ ಸುವರ್ಣ ನ್ಯೂಸ್, ಅನಂತರ ಒಂದರ ಹಿಂದೊಂದು ವಾಹಿನಿಗಳು ಬಂದು 2012ರಲ್ಲಿ ಪಬ್ಲಿಕ್ ಟಿವಿ ಶುರುವಾಗುವ ಹೊತ್ತಿಗೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಮಾತಾಡಬಲ್ಲ ಯುವಕ ಯುವತಿಯರು ನೂರಾರು ಸಂಖ್ಯೆಯಲ್ಲಿ ಬೇಕಾಗಿದ್ದರು. ನಾವು 2009ರಲ್ಲಿ ಬೆಂಗಳೂರಿನಲ್ಲಿ, ಎರಡು ಕೋಣೆ, ಒಂದು ಬಳಸಿದ ಸೋನಿ ಪಿಡಿ170 ಕ್ಯಾಮೆರಾ ಮತ್ತು ಗಾಜಿನ ಅಂಗಡಿಯವರಿಂದ ಮಾಡಿಸಿದ ಟೆಲಿಪ್ರಾಂಪ್ಟರ್ (ಓದಬೇಕಾದ ಸಾಲುಗಳನ್ನು ಕ್ಯಾಮೆರಾದ ಮುಂದೆ ತೋರಿಸುವ ಸಾಧನ) ಇಟ್ಟುಕೊಂಡು ಆರಂಭಿಸಿದೆವು.

ಕಲಿಸುತ್ತಿದ್ದುದು ಏನನ್ನು? ಮೊದಲ ತಿಂಗಳೆಲ್ಲ ಉಚ್ಚಾರಣೆಯೇ. ಅಕಾರ ಹಕಾರಗಳು ಅದಲುಬದಲಾಗಿ ಹಾಸನ ಆಸನವಾಗುವುದು, ಲಕಾರ ಳಕಾರಗಳ ಭೇದ ಅಳಿದುಹೋಗುವುದು, ಶ, ಷ, ಸ ಮೂರೂ ಒಂದೇ ಆಗುವುದು. ತರೀಕೆರೆ ಏರಿ ಮೇಲಿನ ಮೂರು ಕರಿ ಕುರಿಮರಿಗಳನ್ನು ನಮ್ಮ ಕೋಣೆಯಲ್ಲಿ ಎಷ್ಟು ಸಾವಿರ ಸಲ ಮೇಯಿಸಿದ್ದೇವೋ ಲೆಕ್ಕವಿಲ್ಲ. ಅನಂತರ ವರದಿಗಾರಿಕೆ, ಫೋನೋ (ಫೋನಿನಲ್ಲೇ ನೇರ ವರದಿ) ಕೊಡುವ ರೀತಿ, ಸ್ಥಳದಲ್ಲಿ ನಿಂತು ಎರಡು ನಿಮಿಷ ತಡವರಿಸದೆ ಮಾತಾಡುವುದು, ಬೈಟ್ (ಕ್ಯಾಮೆರಾ ಮುಂದೆ ಯಾರಾದರೂ ಆಡಿದ ಮಾತಿನ ತುಣುಕು) ಕತ್ತರಿಸುವುದು. ಇದಲ್ಲದೆ ಇನ್ನೊಂದು ಕೆಲಸವಿತ್ತು, ಹಣ ಬರುತ್ತಿದ್ದುದು ಅದರಿಂದಲೇ: ಕಂಪನಿಗಳ ಮುಖ್ಯಸ್ಥರು, ಆಸ್ಪತ್ರೆಗಳ ವೈದ್ಯರು, ಕೆಲವು ಅಧಿಕಾರಿಗಳು ಪತ್ರಕರ್ತರ ಪ್ರಶ್ನೆಗಳನ್ನು ಎದುರಿಸಲು ಕಲಿಯುವ ಒಂದು ಅಥವಾ ಎರಡು ದಿನಗಳ ಶಿಬಿರಗಳು. ಆ ಶಿಬಿರಗಳ ಗಳಿಕೆಯಿಂದ ಈ ಹುಡುಗರ ಶುಲ್ಕವನ್ನು ತಗ್ಗಿಸುತ್ತಿದ್ದೆವು. (ಉತ್ತರ ಕರ್ನಾಟಕದಿಂದ, ಚಾಮರಾಜನಗರದಿಂದ ಬಂದವರ ನಾಲಗೆಯಿಂದ ಅವರ ಊರನ್ನು ಅಳಿಸಿದ್ದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಅದು ಬೇರೆಯೇ ಉಪನ್ಯಾಸಕ್ಕೆ ವಿಷಯವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.)

ಇಳಿಗಾಲಕ್ಕೆ ಒಂದೇ ಕಾರಣವಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ, ನಾವು ಶುಲ್ಕ ಪಡೆದು ಹೇಳಿಕೊಡುತ್ತಿದ್ದ ವೀಡಿಯೊ ಸಂಕಲನದ ಪಾಠ ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ಸಿಗತೊಡಗಿತು. ಮರುವರ್ಷ ಅಕ್ಟೋಬರಿನಲ್ಲಿ ಉದಯ ನ್ಯೂಸ್ ನಿಂತಿತು, ವಾಹಿನಿಗಳ ಸಂಖ್ಯೆ ಏರುತ್ತಲೇ ಹೋಗುತ್ತದೆ ಎಂಬ ನಮ್ಮ ಲೆಕ್ಕಾಚಾರ ಅಲ್ಲಿಗೆ ತಪ್ಪಿತು. ಪದವಿ ಕಾಲೇಜುಗಳು ತಮ್ಮದೇ ಪುಟ್ಟ ಸ್ಟುಡಿಯೋಗಳನ್ನು ಮಾಡಿಕೊಂಡವು. ವಾಹಿನಿಗಳು ಹೊಸಬರನ್ನು ನೇರವಾಗಿ ಡೆಸ್ಕಿಗೆ ಕೂರಿಸಿ ಅಲ್ಲೇ ಪಳಗಿಸಿಕೊಳ್ಳತೊಡಗಿದವು. 2020ರ ಮಾರ್ಚಿನ ಲಾಕ್‌ಡೌನ್ ಬಂದಾಗ ಕಂಪನಿಗಳ ಶಿಬಿರಗಳು ಒಂದೇ ವಾರದಲ್ಲಿ ನಿಂತುಹೋದವು, ಆಮೇಲೆ ಜೂಮಿನಲ್ಲಿ ಅರ್ಧ ದರಕ್ಕೆ ಮರಳಿದವು, ಆ ದರ ಮತ್ತೆ ಮೇಲೇರಲೇ ಇಲ್ಲ. 2023ರ ಜುಲೈನಲ್ಲಿ ಪವರ್ ಟಿವಿಯ ಸೌಂದರ್ಯ ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿ ತೆರೆಗೆ ಬಂದಾಗ, ಇದಕ್ಕೇ ನೀವು ಮುಚ್ಚಿದಿರಲ್ಲವೇ ಎಂದು ಹಲವರು ಕೇಳಿದರು. ಅಲ್ಲ. ಆ ಯಂತ್ರದ ಹೆಣ್ಣುಮಗಳು ವಾರ್ತೆ ಓದುವ ಹೊತ್ತಿಗೆ ನಮ್ಮ ಬಾಗಿಲಿಗೆ ಬೀಗ ಬಿದ್ದು ಕೆಲವು ತಿಂಗಳುಗಳಾಗಿದ್ದವು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮಂಥ ಸಂಸ್ಥೆಗಳಲ್ಲಿ ಮುಚ್ಚುವ ಹೊತ್ತು ಯಾವಾಗ ಬಂತೆಂದು ತಿಳಿಯುವುದು ಕಷ್ಟ. ಅದಕ್ಕೆ ಕಾರಣ ಮುಂಗಡ ಶುಲ್ಕ. ಕಿರಾಣಿ ಅಂಗಡಿಯವನಿಗೆ ಗಲ್ಲಾಪೆಟ್ಟಿಗೆ ನಿಜ ಹೇಳುತ್ತದೆ, ಏಕೆಂದರೆ ಅವನು ಅಕ್ಕಿ ಕೊಟ್ಟ ಮೇಲೆ ಹಣ ಪಡೆಯುತ್ತಾನೆ. ತರಬೇತಿ ಸಂಸ್ಥೆಯವನ ಬ್ಯಾಂಕ್ ಖಾತೆ ಅವನಿಗೇ ಸುಳ್ಳು ಹೇಳುತ್ತದೆ, ಏಕೆಂದರೆ ಅವನು ಮೊದಲು ಹಣ ಪಡೆದು ಆಮೇಲೆ ಆರು ತಿಂಗಳು ಪಾಠ ಮಾಡುತ್ತಾನೆ. ಹೊಸ ಬ್ಯಾಚ್ ಸೇರಿದ ವಾರ ಖಾತೆ ತುಂಬಿರುತ್ತದೆ, ಆ ಹಣದಲ್ಲಿ ಹಳೆಯ ಬ್ಯಾಚಿನ ತರಬೇತುದಾರರ ಬಾಕಿ ತೀರುತ್ತದೆ, ಎಲ್ಲವೂ ನಡೆಯುತ್ತಿದೆ ಎಂದು ತೋರುತ್ತದೆ. ನಡೆಯುತ್ತಿರುವುದು ಏನೆಂದರೆ, ಈ ವರ್ಷದ ವಿದ್ಯಾರ್ಥಿ ಕಳೆದ ವರ್ಷದ ವಿದ್ಯಾರ್ಥಿಯ ಪಾಠದ ಖರ್ಚನ್ನು ಕೊಡುತ್ತಿದ್ದಾನೆ. ನಾವು ಇದನ್ನು ಕನಿಷ್ಠ ಎರಡು ವರ್ಷ ಅರಿವಿಲ್ಲದೆ ಮಾಡಿದೆವು. ಮೂರನೆಯ ವರ್ಷ ಅರಿವಿದ್ದೂ ಮಾಡಿದೆವು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆವು. ಜುಲೈನಲ್ಲಿ ಶುರುವಾದ ಬ್ಯಾಚಿನಲ್ಲಿ 16 ಮಂದಿ ಇದ್ದರು. ಒಬ್ಬೊಬ್ಬರ ಆರು ತಿಂಗಳ ಶುಲ್ಕ, ತೆರಿಗೆ ಬಿಟ್ಟು, 60,000 ರೂಪಾಯಿ, ಒಟ್ಟು 9,60,000. ಎರಡು ತಿಂಗಳ ಪಾಠ ಮುಗಿದಿದ್ದರಿಂದ ನಾವು ನಿಜವಾಗಿ ದುಡಿದಿದ್ದುದು 3,20,000. ಉಳಿದ 6,40,000 ಇನ್ನೂ ಅವರದೇ ಹಣ, ನಮ್ಮ ಬಳಿ ಇಟ್ಟ ಠೇವಣಿಯ ಹಾಗೆ. ಬ್ಯಾಂಕಿನಲ್ಲಿ ಇದ್ದುದು 8,70,000. ಅಂದರೆ ನಮ್ಮದೆಂದು ಹೇಳಬಹುದಾಗಿದ್ದುದು 2,30,000 ರೂಪಾಯಿ ಮಾತ್ರ, ಅದರಲ್ಲಿ ಆರು ಮಂದಿ ಸಿಬ್ಬಂದಿಯ ಸಂಬಳ, ಬಾಡಿಗೆ, ಮತ್ತು ಎಂದಾದರೂ ಕೊಡಲೇಬೇಕಾದ ಗ್ರಾಚ್ಯುಟಿ (ಬಹುಕಾಲ ದುಡಿದವರಿಗೆ ಕೆಲಸ ಬಿಡುವಾಗ ಸಲ್ಲುವ ಹಣ) ಎಲ್ಲವೂ ಸೇರಬೇಕಿತ್ತು. ಜನವರಿಯ ಬ್ಯಾಚಿಗೆ ಪ್ರವೇಶ ತೆರೆದರೆ ಮತ್ತೆ ಹತ್ತು ಲಕ್ಷದ ಹತ್ತಿರ ಬರುತ್ತಿತ್ತು. ಬರುತ್ತಿತ್ತು ಎಂಬುದೇ ಅಪಾಯವಾಗಿತ್ತು. ಆ ರಾತ್ರಿಯೇ ಹೊಸ ಪ್ರವೇಶ ನಿಲ್ಲಿಸುವುದೆಂದು ತೀರ್ಮಾನಿಸಿದೆವು. ತರಬೇತಿ, ಟ್ಯೂಷನ್, ಜಿಮ್, ಸಂಗೀತ ಶಾಲೆ, ಯಾವುದೇ ಮುಂಗಡ ಶುಲ್ಕದ ವ್ಯವಹಾರ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಪಾಠ ಮುಗಿಯುವ ತನಕ ಶುಲ್ಕ ಎಂಬುದು ಸಾಲ. ಅದನ್ನು ಬೇರೆ ಖಾತೆಯಲ್ಲಿ ಇಟ್ಟು ತಿಂಗಳಿಗೊಮ್ಮೆ ದುಡಿದಷ್ಟನ್ನೇ ಇತ್ತ ವರ್ಗಾಯಿಸಿಕೊಳ್ಳಿ. ನಾವು ಈ ಪದ್ಧತಿಯನ್ನು ಕಲಿತದ್ದು ಕೊನೆಯ ನಾಲ್ಕು ತಿಂಗಳಲ್ಲಿ.

ವಿದ್ಯಾರ್ಥಿಗಳಿಗೆ ಹೇಳುವುದೋ ಬೇಡವೋ ಎಂಬುದು ಅನಂತರದ ಪ್ರಶ್ನೆ. ಹೇಳಿದರೆ ಎಲ್ಲರೂ ಹಣ ವಾಪಸು ಕೇಳುತ್ತಾರೆ, ಅರ್ಧಕ್ಕೇ ಮುಳುಗುತ್ತೇವೆ ಎಂದು ಗೆಳೆಯನ ಭಯ. ಹೇಳದಿದ್ದರೆ ಡಿಸೆಂಬರಿನಲ್ಲಿ ಪ್ರಮಾಣಪತ್ರ ಕೊಡುವಾಗ ಅವರ ಮುಖ ನೋಡಲಾಗದು ಎಂಬುದು ನನ್ನ ಭಯ. ಕೊನೆಗೆ ಸೆಪ್ಟೆಂಬರ್ ಮೊದಲ ವಾರ ಹದಿನಾರು ಮಂದಿಯನ್ನೂ ಕೂರಿಸಿ, ಇದು ಕೊನೆಯ ಬ್ಯಾಚ್, ಪಾಠಗಳು ಡಿಸೆಂಬರ್ ವರೆಗೆ ಒಂದೂ ತಪ್ಪದೆ ನಡೆಯುತ್ತವೆ, ಬೇಡವೆನ್ನುವವರಿಗೆ ಉಳಿದ ನಾಲ್ಕು ತಿಂಗಳ ಹಣವನ್ನು ಇದೇ ವಾರ ಮರಳಿಸುತ್ತೇವೆ ಎಂದು ಹೇಳಿದೆವು. ಮೂವರು ಹೊರಟರು. ಒಬ್ಬೊಬ್ಬರಿಗೆ 40,000 ರೂಪಾಯಿಯ ಜೊತೆಗೆ ಅದರ ಮೇಲೆ ಕಟ್ಟಿಸಿಕೊಂಡಿದ್ದ ಶೇ 18ರ ಜಿಎಸ್‌ಟಿ 7,200 ಸೇರಿಸಿ ಮರಳಿಸಿದೆವು. ಸೇವೆಗೆ ಮುಂಗಡ ಪಡೆದಾಗಲೇ ತೆರಿಗೆಯ ಹೊಣೆ ಹುಟ್ಟುವುದರಿಂದ ಆ ಹಣ ಆಗಲೇ ಸರ್ಕಾರಕ್ಕೆ ಹೋಗಿತ್ತು. ಸೇವೆ ಕೊಡದೆ ಮುಂಗಡ ಮರಳಿಸಿದಾಗ ಮರುಪಾವತಿ ವೋಚರ್ ಬರೆದು ಮುಂದಿನ ತೆರಿಗೆಯಲ್ಲಿ ಅದನ್ನು ಹೊಂದಿಸಿಕೊಳ್ಳಲು ಅವಕಾಶವಿದೆ. ಉಳಿದ ಹದಿಮೂರು ಮಂದಿಯೂ ಕೊನೆಯ ತನಕ ಇದ್ದರು. ಹದಿನಾಲ್ಕು ವರ್ಷಗಳಲ್ಲಿ ಅಷ್ಟು ಶ್ರದ್ಧೆಯಿಂದ ಸಮಯಕ್ಕೆ ಸರಿಯಾಗಿ ಬಂದ ಬ್ಯಾಚ್ ಇನ್ನೊಂದಿಲ್ಲ. ಬಾಗಿಲು ಮುಚ್ಚುತ್ತದೆ ಎಂದು ಗೊತ್ತಿದ್ದರೆ ಜನ ಬೇಗ ಬರುತ್ತಾರೆ, ಹೋಟೆಲಿಗಾದರೂ ಅಷ್ಟೇ, ತರಗತಿಗಾದರೂ ಅಷ್ಟೇ.

ಸಿಬ್ಬಂದಿಯ ವಿಷಯದಲ್ಲಿ ನಮಗೊಂದು ತಪ್ಪು ತಿಳಿವಳಿಕೆ ಇತ್ತು. ನಾವು ಈಗ ಆರೇ ಮಂದಿ, ಹತ್ತಕ್ಕಿಂತ ಕಡಿಮೆ, ಆದ್ದರಿಂದ ಗ್ರಾಚ್ಯುಟಿ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ ಎಂದು ನಂಬಿದ್ದೆವು. ಆಗ ಜಾರಿಯಲ್ಲಿದ್ದ 1972ರ ಆ ಕಾಯ್ದೆ (2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂತು) ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅನ್ವಯಿಸುತ್ತಿದ್ದುದು ನಿಜ. ಆದರೆ ಒಮ್ಮೆ ಅನ್ವಯಿಸಿದ ಮೇಲೆ ಸಂಖ್ಯೆ ಇಳಿದರೂ ಅದು ಕಳಚಿಕೊಳ್ಳುತ್ತಿರಲಿಲ್ಲ, ಮತ್ತು 2013ರಲ್ಲಿ ನಮ್ಮಲ್ಲಿ ಹದಿನಾಲ್ಕು ಮಂದಿ ಇದ್ದರು. ಐದು ವರ್ಷ ಪೂರೈಸಿದವರಿಗೆ, ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ ಬಂದ ದಿನದ ವೇತನದ ಹದಿನೈದು ಪಟ್ಟನ್ನು ಪ್ರತಿ ವರ್ಷದ ಸೇವೆಗೆ ಕೊಡಬೇಕಿತ್ತು. ನಮ್ಮ ಸ್ಟುಡಿಯೋ ಸಹಾಯಕರ ಮೂಲವೇತನ 20,800 ಇತ್ತು. ದಿನಕ್ಕೆ 800, ವರ್ಷಕ್ಕೆ 12,000, ಹನ್ನೊಂದು ವರ್ಷಕ್ಕೆ 1,32,000 ರೂಪಾಯಿ. ಇಂಥವರು ಇನ್ನಿಬ್ಬರಿದ್ದರು. ಆ ಹಣಕ್ಕಾಗಿ ಸೆಪ್ಟೆಂಬರಿನಿಂದ ಡಿಸೆಂಬರಿನ ತನಕ ಸಿಕ್ಕ ಪ್ರತಿ ಶಿಬಿರವನ್ನೂ ಒಪ್ಪಿಕೊಂಡೆವು, ದರ ನೋಡಲಿಲ್ಲ. ನಾವಿಬ್ಬರೂ ಆ ಅವಧಿಯಲ್ಲಿ ಸಂಬಳ ತೆಗೆದುಕೊಳ್ಳಲಿಲ್ಲ. ಇದನ್ನು ತ್ಯಾಗವೆಂದು ಹೇಳಿಕೊಳ್ಳುತ್ತಿಲ್ಲ. ಹಿಂದಿನ ವರ್ಷಗಳಲ್ಲಿ ತೆಗೆದುಕೊಂಡ ಸಂಬಳದ ಒಂದು ಭಾಗ ವಿದ್ಯಾರ್ಥಿಗಳ ಮುಂಗಡದಿಂದಲೇ ಬಂದಿತ್ತೆಂಬುದು ಆ ಆಗಸ್ಟ್ ರಾತ್ರಿಯ ಲೆಕ್ಕದಲ್ಲಿ ಕಂಡಿತ್ತು.

ನಮಗೆ ಬರಬೇಕಾಗಿದ್ದ ಬಾಕಿಗಳ ಕಥೆ ಚಿಕ್ಕದು. ಒಂದು ಸಂಸ್ಥೆ ಎರಡು ಶಿಬಿರಗಳ ಹಣವನ್ನು ಎಂಟು ತಿಂಗಳಿಂದ ಇಟ್ಟುಕೊಂಡಿತ್ತು. ಸಣ್ಣ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಖರೀದಿದಾರ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಈ ಎರಡು ಸಾಲುಗಳನ್ನು ಉದ್ಧರಿಸಿ ಪತ್ರ ಬರೆದೆವು, ದೂರು ಕೊಡಬೇಕಾಗಲಿಲ್ಲ, ಮೂರು ವಾರದಲ್ಲಿ ಅಸಲು ಬಂತು. ಬಡ್ಡಿ ಕೇಳುವ ಧೈರ್ಯ ಮಾಡಲಿಲ್ಲ. ಕಟ್ಟಡದ ಮಾಲೀಕರ ಬಳಿ ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಇತ್ತು. ಧ್ವನಿ ಮಾರ್ದನಿಸದಿರಲೆಂದು ಗೋಡೆಗೆ ಅಂಟಿಸಿದ್ದ ಸ್ಪಂಜಿನ ಹಲಗೆಗಳನ್ನು ಕಿತ್ತಾಗ ಸುಣ್ಣದ ಜೊತೆ ಸಿಮೆಂಟೂ ಬಂತು, ಬಣ್ಣ ಬಳಿಯುವ ಖರ್ಚೆಂದು ಒಂದೂವರೆ ತಿಂಗಳ ಬಾಡಿಗೆ ಹಿಡಿದುಕೊಂಡರು. ಜಗಳವಾಡಲು ಶಕ್ತಿ ಉಳಿದಿರಲಿಲ್ಲ.

ಉಪಕರಣಗಳ ಬಗ್ಗೆ ಒಂದು ಮಾತು. ನಮ್ಮ ಕ್ಷೇತ್ರದಲ್ಲಿ ಯಂತ್ರಗಳು ನಮಗಿಂತ ಬೇಗ ಮುದಿಯಾಗುತ್ತವೆ. ಟೇಪಿನ ಕ್ಯಾಮೆರಾಗಳನ್ನು ಕೊಂಡ ಮೇಲೆ ಕಾರ್ಡಿನವು ಬಂದವು, ಅವನ್ನು ಕೊಂಡ ಮೇಲೆ ಸ್ಟಿಲ್ ಕ್ಯಾಮೆರಾಗಳಲ್ಲೇ ವೀಡಿಯೊ ತೆಗೆಯುವುದು ರೂಢಿಯಾಯಿತು, ಕೊನೆಗೆ ವರದಿಗಾರರು ಮೊಬೈಲಿನಲ್ಲೇ ಲೈವ್ ಕೊಡತೊಡಗಿದರು. ಲಕ್ಷಗಟ್ಟಲೆ ಕೊಟ್ಟ ಸಾಮಾನು ಸಾವಿರಗಳಲ್ಲಿ ಹೋಯಿತು. ಇದರಲ್ಲಿ ನಮಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ತೆರಿಗೆಯಲ್ಲಿ: ಕೊಂಡು ಐದು ವರ್ಷ ತುಂಬದ ಉಪಕರಣಗಳ ಮೇಲೆ ಹಿಂದೆ ಪಡೆದಿದ್ದ ಜಿಎಸ್‌ಟಿ ಕ್ರೆಡಿಟ್ಟಿನಲ್ಲಿ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡದ್ದು) ಉಳಿದ ತಿಂಗಳುಗಳ ಪಾಲನ್ನು, ಇಲ್ಲವೇ ಈಗಿನ ಮಾರಾಟ ಬೆಲೆಯ ಮೇಲಿನ ತೆರಿಗೆಯನ್ನು, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕಾಗುತ್ತದೆ. ಲಾಕ್‌ಡೌನಿನ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಕೊಂಡ ದೀಪಗಳಿಗೂ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ದೃಶ್ಯ ಬದಲಿಸುವ ಸ್ವಿಚರಿಗೂ ಎರಡೂವರೆ ವರ್ಷವಷ್ಟೇ ಆಗಿತ್ತು. ಕೊಂಡಾಗ ಪಡೆದ ಕ್ರೆಡಿಟ್ಟಿನ ಅರ್ಧದಷ್ಟು ವಾಪಸು ಹೋಯಿತು.

ಇನ್ನು ಟೇಪುಗಳು. ಇದು ಮಾಧ್ಯಮ ತರಬೇತಿಗೇ ಸೇರಿದ ಸಮಸ್ಯೆಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಗೋಡೆಯ ಕಪಾಟಿನ ತುಂಬ ಒಂದೊಂದು ಗಂಟೆಯ ಮಿನಿಡಿವಿ ಟೇಪುಗಳು, ಅದರ ಕೆಳಗೆ ಹಾರ್ಡ್ ಡಿಸ್ಕುಗಳು. ಅವುಗಳಲ್ಲಿ ಎರಡು ಬಗೆ. ಮೊದಲನೆಯದು ವಿದ್ಯಾರ್ಥಿಗಳು ಮೊದಲ ದಿನ ಕ್ಯಾಮೆರಾ ಮುಂದೆ ನಿಂತು ಬೆವರಿದ, ಅತ್ತ, ಹೆಸರನ್ನೇ ತಪ್ಪಾಗಿ ಹೇಳಿಕೊಂಡ ದೃಶ್ಯಗಳು. ಕೊನೆಯ ದಿನ ಅವನ್ನು ಅವರಿಗೇ ತೋರಿಸಿ ಎಷ್ಟು ದೂರ ಬಂದಿದ್ದಾರೆಂದು ತಿಳಿಸುವುದು ನಮ್ಮ ಪದ್ಧತಿಯಾಗಿತ್ತು. ಅವರಲ್ಲಿ ಕೆಲವರು ಇಂದು ನೀವು ದಿನವೂ ನೋಡುವ ಮುಖಗಳು. ಎರಡನೆಯದು ಶಿಬಿರಗಳ ಅಣಕು ಸಂದರ್ಶನಗಳು: ಕಾರ್ಖಾನೆಯಲ್ಲಿ ಅಪಘಾತವಾಗಿದೆ ಎಂದುಕೊಳ್ಳಿ, ಆಸ್ಪತ್ರೆಯಲ್ಲಿ ರೋಗಿ ತೀರಿಕೊಂಡಿದ್ದಾರೆ ಎಂದುಕೊಳ್ಳಿ ಎಂದು ಸನ್ನಿವೇಶ ಕೊಟ್ಟು, ನಾವು ಪತ್ರಕರ್ತರಾಗಿ ಕೆಣಕಿ, ಅವರು ತಾಳ್ಮೆ ಕಳೆದುಕೊಂಡು ಆಡಬಾರದ ಮಾತು ಆಡಿದ್ದನ್ನೆಲ್ಲ ದಾಖಲಿಸಿದ್ದು. ಅಭ್ಯಾಸಕ್ಕೆಂದು ಆಡಿದ ಆ ಮಾತಿನ ಹತ್ತು ಸೆಕೆಂಡನ್ನು ಕತ್ತರಿಸಿ ಹೊರಗೆ ಬಿಟ್ಟರೆ ಅದು ಅಭ್ಯಾಸವೆಂದು ಯಾರಿಗೂ ತಿಳಿಯುವುದಿಲ್ಲ.

ಒಬ್ಬ ಹಳೆಯ ಪರಿಚಿತರು ಈ ಸಂಗ್ರಹವನ್ನು ಕೊಳ್ಳಲು ಮುಂದೆ ಬಂದರು. ಪ್ರಸಿದ್ಧ ನಿರೂಪಕರ ಮೊದಲ ದಿನ ಎಂಬ ಸರಣಿ ಮಾಡಿದರೆ ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ನೋಡುತ್ತಾರೆ ಎಂದರು, ಅವರು ಹೇಳಿದ ಮೊತ್ತದಲ್ಲಿ ಮೂವರ ಗ್ರಾಚ್ಯುಟಿ ತೀರುತ್ತಿತ್ತು. ಬೇಡವೆನ್ನಲು ನನಗೆ ಒಂದು ರಾತ್ರಿ ಬೇಕಾಯಿತು, ಗೆಳೆಯನಿಗೆ ಒಂದು ನಿಮಿಷ. ವಿದ್ಯಾರ್ಥಿಗಳು ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ತರಬೇತಿಯ ಉದ್ದೇಶಕ್ಕೆ ಎಂದು ಬರೆದಿತ್ತು, ತರಬೇತಿ ಮುಗಿದ ಮೇಲೆ ಆ ಉದ್ದೇಶವೂ ಮುಗಿದಿತ್ತು. ಮುಂದೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆಯೂ ಉದ್ದೇಶ ತೀರಿದ ಮೇಲೆ ದತ್ತಾಂಶವನ್ನು ಅಳಿಸಬೇಕೆಂಬ ತತ್ವವನ್ನೇ ಹೇಳುತ್ತದೆ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಸಂದೇಶ ಕಳಿಸಿ ಎರಡು ತಿಂಗಳ ಗಡುವು ಕೊಟ್ಟೆವು. ಬೇಕೆಂದವರಿಗೆ ಅವರದನ್ನು ಕೊಟ್ಟೆವು. ಟೇಪು ಓಡಿಸುವ ಡೆಕ್ ಕೈಕೊಟ್ಟಿದ್ದರಿಂದ ಇದು ಹೇಳಿದಷ್ಟು ಸುಲಭವಾಗಲಿಲ್ಲ, ಹಳೆಯ ಕ್ಯಾಮೆರಾವನ್ನೇ ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ ಕಿಂಡಿ ಇದ್ದ ಒಂದು ಹಳೆಯ ಕಂಪ್ಯೂಟರಿಗೆ ಜೋಡಿಸಿ ಗಂಟೆಗೆ ಒಂದರಂತೆ ಓಡಿಸಬೇಕಾಯಿತು. ಉಳಿದವುಗಳಲ್ಲಿ ಶಿಬಿರದವನ್ನು ಮೊದಲು, ವಿದ್ಯಾರ್ಥಿಗಳವನ್ನು ಆಮೇಲೆ, ನಾವೇ ಕೂತು ಸುರುಳಿ ಎಳೆದು ಕತ್ತರಿಸಿದೆವು. ಡಿಸ್ಕುಗಳಿಗೆ ಡ್ರಿಲ್ ಹಾಕಿಸಿದೆವು. ಇತಿಹಾಸ ನಾಶ ಮಾಡಿದಿರಿ ಎಂದು ಇಲ್ಲಿ ಒಬ್ಬ ಅಧ್ಯಾಪಕರು ಆಕ್ಷೇಪಿಸಿದರು. ಒಂದು ಕಾಲದ ಕನ್ನಡ ಉಚ್ಚಾರಣೆಯ ದಾಖಲೆಯಾಗಿ ಅವುಗಳಿಗೆ ಬೆಲೆ ಇತ್ತೆಂಬುದನ್ನು ಒಪ್ಪುತ್ತೇನೆ. ಆದರೆ ಆ ಬೆಲೆಯನ್ನು ಕಟ್ಟುವ ಹಕ್ಕು ನನ್ನದಾಗಿರಲಿಲ್ಲ.

ಕಾಗದಪತ್ರದ ಹಾದಿಯನ್ನು ಈಗ ಹೇಳುತ್ತೇನೆ, ಇದರಲ್ಲಿ ರಸವಿಲ್ಲದಿದ್ದರೂ ಇದನ್ನು ಕೇಳಲೆಂದೇ ಕೆಲವರು ಬಂದಿದ್ದೀರಿ. ನಮ್ಮದು ಖಾಸಗಿ ನಿಯಮಿತ ಕಂಪನಿ. ಆಸ್ತಿಯೂ ಸಾಲವೂ ಉಳಿಯದ ಸಣ್ಣ ಕಂಪನಿಗೆ ಇರುವ ಸರಳ ದಾರಿ, 2013ರ ಕಂಪನಿ ಕಾಯ್ದೆಯ 248ನೇ ಸೆಕ್ಷನ್ನಿನ ಪ್ರಕಾರ ಹೆಸರನ್ನು ನೋಂದಣಿ ಪುಸ್ತಕದಿಂದ ತಾನಾಗಿಯೇ ತೆಗೆಸಿಕೊಳ್ಳುವುದು. ಎಸ್‌ಟಿಕೆ-2 ಎಂಬ ಅರ್ಜಿ, 10,000 ರೂಪಾಯಿ ಶುಲ್ಕ. ಆಸ್ತಿಪಾಸ್ತಿ ದೊಡ್ಡದಿದ್ದರೆ ದಿವಾಳಿ ಸಂಹಿತೆಯ 59ನೇ ಸೆಕ್ಷನ್ನಿನ ಸ್ವಯಂ ಸಮಾಪನದ ದಾರಿ ಇದೆ, ಅದಕ್ಕೆ ಆಸ್ತಿ ಮಾರಿ ಬಾಕಿ ತೀರಿಸುವ ಲಿಕ್ವಿಡೇಟರ್ ನೇಮಿಸಬೇಕು, ಖರ್ಚು ಹೆಚ್ಚು, ನಮಗೆ ಅದು ಬೇಕಿರಲಿಲ್ಲ. ಸರಳ ದಾರಿ ಎಂದೆನಲ್ಲ, ಅದರಲ್ಲಿ ಒಂದು ಮುಳ್ಳಿದೆ. ವ್ಯವಹಾರ ನಿಲ್ಲಿಸಿದ ಮರುದಿನ ಅರ್ಜಿ ಹಾಕಲು ಬರುವುದಿಲ್ಲ. ಹಿಂದಿನ ಎರಡು ಪೂರ್ಣ ಹಣಕಾಸು ವರ್ಷಗಳಲ್ಲಿ ಕಂಪನಿ ಯಾವ ವ್ಯವಹಾರವನ್ನೂ ಮಾಡಿರಬಾರದು. ನಾವು ಎಲ್ಲವನ್ನೂ 2023ರ ಮಾರ್ಚ್ 31ರೊಳಗೆ ಮುಗಿಸಲು ಹೆಣಗಿದ್ದು ಇದಕ್ಕಾಗಿಯೇ. ಏಪ್ರಿಲಿನಲ್ಲಿ ಒಂದೇ ಒಂದು ಶಿಬಿರ ಮಾಡಿದ್ದರೂ ಇನ್ನೊಂದು ವರ್ಷ ಕಾಯಬೇಕಾಗುತ್ತಿತ್ತು.

ಆ ಎರಡು ಖಾಲಿ ವರ್ಷಗಳಲ್ಲೂ ಕಂಪನಿ ಕಾಗದದ ಮೇಲೆ ಜೀವಂತ. ಲೆಕ್ಕ ಪರಿಶೋಧನೆ ಆಗಬೇಕು, ವಾರ್ಷಿಕ ವಿವರಗಳು ಸಲ್ಲಿಕೆಯಾಗಬೇಕು, ಆದಾಯ ತೆರಿಗೆ ರಿಟರ್ನ್ ಹೋಗಬೇಕು. ತಡವಾದರೆ ಕಂಪನಿ ಇಲಾಖೆಯ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ದಂಡ, ಅದಕ್ಕೆ ಮಿತಿಯಿಲ್ಲ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಹೊಡೆದುಹಾಕಿ ಲಕ್ಷಾಂತರ ನಿರ್ದೇಶಕರನ್ನು ಅನರ್ಹಗೊಳಿಸಿದಾಗ ಸಿಕ್ಕಿಬಿದ್ದವರಲ್ಲಿ, ಬೀಗ ಹಾಕಿದರೆ ಕಂಪನಿ ಮುಚ್ಚಿದಂತೆ ಎಂದು ನಂಬಿದ್ದ ನನ್ನ ಪರಿಚಯದ ಇಬ್ಬರಿದ್ದರು. ಆದ್ದರಿಂದ ಮುಚ್ಚುವ ಖರ್ಚಿಗೆಂದು, ಕೊನೆಯ ವರ್ಷದ ಹಣದಲ್ಲೇ, ಎರಡು ವರ್ಷಗಳ ಆಡಿಟರ್ ಶುಲ್ಕವನ್ನು ಮೊದಲೇ ಎತ್ತಿಡಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಜಿಎಸ್‌ಟಿ ನೋಂದಣಿ ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಕೊಡಬೇಕು, ಬಹಳ ಮಂದಿ ಇದನ್ನು ಮರೆತು ನೋಟಿಸು ಪಡೆಯುತ್ತಾರೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಮುಚ್ಚಿದ ಹದಿನೈದು ದಿನಗಳಲ್ಲಿ ಕಾರ್ಮಿಕ ಇನ್‌ಸ್ಪೆಕ್ಟರಿಗೆ ತಿಳಿಸಬೇಕು. ವೃತ್ತಿ ತೆರಿಗೆ, ಭವಿಷ್ಯ ನಿಧಿ, ಇಎಸ್‌ಐ, ಇವುಗಳ ನೋಂದಣಿಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಒಂದು ಎಚ್ಚರಿಕೆ ಮಾತ್ರ ನಿಧಾನವಾಗಿ ಹೇಳಬೇಕಾದದ್ದು: ಬ್ಯಾಂಕ್ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ. ಶಿಬಿರ ಮಾಡಿಸಿದ ಕಂಪನಿಗಳು ಶೇ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿರುತ್ತವೆ. ನಷ್ಟದ ವರ್ಷದಲ್ಲಿ ಆ ಹಣ ಆದಾಯ ತೆರಿಗೆ ಇಲಾಖೆಯಿಂದ ಮರಳಿ ಬರಬೇಕು, ಅದು ಬರುವುದು ಕಂಪನಿಯ ಖಾತೆಗೇ. ಖಾತೆ ಮುಚ್ಚಿದ್ದರೆ ಹಣ ಅಂತರಪಿಶಾಚಿಯಾಗುತ್ತದೆ, ಬರಬೇಕಾದ ಹಣ ಉಳಿದಿದ್ದರೆ ಆಸ್ತಿ ಶೂನ್ಯ ಎಂದು ಪ್ರಮಾಣ ಮಾಡಲೂ ಆಗದು. ನಮ್ಮ ಮರುಪಾವತಿ ಬಂದ ಮೇಲೆಯೇ ಖಾತೆ ಮುಚ್ಚಿ, ಮೂವತ್ತು ದಿನಕ್ಕಿಂತ ಹಳೆಯದಲ್ಲದ ಲೆಕ್ಕಪತ್ರಕ್ಕೆ ಚಾರ್ಟರ್ಡ್ ಅಕೌಂಟೆಂಟರ ಸಹಿ ಮಾಡಿಸಿ, 2025ರಲ್ಲಿ ಅರ್ಜಿ ಹಾಕಿದೆವು. 2023ರ ಮೇ ತಿಂಗಳಿನಿಂದ ಇಂಥ ಅರ್ಜಿಗಳನ್ನೆಲ್ಲ ಸಿ-ಪೇಸ್ ಎಂಬ ಒಂದೇ ಕೇಂದ್ರ ನೋಡಿಕೊಳ್ಳುತ್ತದೆ. ಸಾರ್ವಜನಿಕ ಪ್ರಕಟಣೆ ಹೊರಟು, ಆಕ್ಷೇಪಣೆಗೆ ಮೂವತ್ತು ದಿನ ಕಳೆದು, ಕೆಲವು ತಿಂಗಳಲ್ಲಿ ಹೆಸರು ಹೋಯಿತು.

ಹೋಯಿತು ಎಂದರೆ ಪೂರ್ತಿ ಹೋದಂತಲ್ಲ. ಅರ್ಜಿಯ ಜೊತೆ ನಾವಿಬ್ಬರೂ ಪ್ರತ್ಯೇಕವಾಗಿ ಛಾಪಾಕಾಗದದ ಮೇಲೆ ನಷ್ಟಭರ್ತಿ ಮುಚ್ಚಳಿಕೆ ಬರೆದುಕೊಟ್ಟಿದ್ದೇವೆ. ಮುಂದೆ ಯಾವ ಬಾಕಿ ಹೊರಬಂದರೂ ಅದು ನಮ್ಮ ಸ್ವಂತದ ಮೇಲೆ. ಸಾಲ ಕೊಟ್ಟವರು, ಷೇರುದಾರರು, ನೌಕರರು, ಕಾರಣವಿದ್ದರೆ ಇಪ್ಪತ್ತು ವರ್ಷಗಳ ಒಳಗೆ ನ್ಯಾಯಮಂಡಳಿಗೆ ಹೋಗಿ ಆ ಕಂಪನಿಯನ್ನು ಮತ್ತೆ ಎಬ್ಬಿಸಬಹುದು. ಹಾಗೆ ಎಬ್ಬಿಸುವಂಥದ್ದು ಏನೂ ಉಳಿದಿಲ್ಲವೆಂದು ನಂಬಿದ್ದೇವೆ.

ಕೊನೆಯದಾಗಿ ಪ್ರಮಾಣಪತ್ರಗಳು. ಸುಮಾರು 1,100 ಮಂದಿ ನಮ್ಮ ಸಹಿ ಇರುವ ಕಾಗದ ಹಿಡಿದು ಎಲ್ಲೆಲ್ಲೋ ಕೆಲಸ ಮಾಡುತ್ತಿದ್ದಾರೆ. ಕೆಲಸ ಬದಲಿಸುವಾಗ ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲಿಸುತ್ತಾರೆ, ಆಗ ಉತ್ತರಿಸುವವರು ಯಾರೂ ಇಲ್ಲದಿದ್ದರೆ ಅವರ ಕಾಗದ ಸುಳ್ಳೆಂದು ತೋರುತ್ತದೆ. ಸಂಸ್ಥೆ ಮುಚ್ಚುವವರು ಇದನ್ನು ಯೋಚಿಸುವುದು ತೀರ ವಿರಳ. ವೆಬ್‌ಸೈಟಿನ ಹೆಸರನ್ನು ನವೀಕರಿಸದೆ ಬಿಟ್ಟ ಒಂದು ತರಬೇತಿ ಸಂಸ್ಥೆಯ ವಿಳಾಸವನ್ನು ಬೇರೆ ಯಾರೋ ಕೊಂಡು ಜೂಜಿನ ಜಾಹೀರಾತು ಹಾಕಿದ್ದನ್ನು ನಾನೇ ನೋಡಿದ್ದೇನೆ, ಆ ವಿಳಾಸ ನೂರಾರು ಪ್ರಮಾಣಪತ್ರಗಳ ಅಡಿಯಲ್ಲಿ ಅಚ್ಚಾಗಿದೆ. ಆದ್ದರಿಂದ ನಮ್ಮ ವೆಬ್‌ಸೈಟಿನ ಹೆಸರನ್ನು ಕಂಪನಿಯಿಂದ ನನ್ನ ಹೆಸರಿಗೆ ಬದಲಿಸಿಕೊಂಡು, ಹತ್ತು ವರ್ಷದ ಹಣ ಕಟ್ಟಿ, ಒಂದೇ ಪುಟ ಮತ್ತು ಒಂದೇ ಇಮೇಲ್ ವಿಳಾಸ ಉಳಿಸಿದ್ದೇನೆ. ಪ್ರವೇಶ ಪುಸ್ತಕಗಳು ಮೂರು, ಉದ್ದನೆಯ ರೂಲ್ ಹಾಕಿದ ದಪ್ಪ ರಿಜಿಸ್ಟರುಗಳು, ಲೆಕ್ಕಪತ್ರಗಳ ಕಟ್ಟುಗಳ ಜೊತೆ ನನ್ನ ಮನೆಯ ಕಬ್ಬಿಣದ ಕಪಾಟಿನಲ್ಲಿವೆ. ಲೆಕ್ಕಪತ್ರಗಳನ್ನು ಎಂಟು ವರ್ಷ ಇಟ್ಟುಕೊಂಡರೆ ಸಾಕು. ರಿಜಿಸ್ಟರುಗಳಿಗೆ ಕಾನೂನು ಅವಧಿ ಹೇಳಿಲ್ಲ.

ಹೋದ ತಿಂಗಳು ಹೈದರಾಬಾದಿನಿಂದ ಒಂದು ಕರೆ ಬಂತು. ಇಂಥವರು 2014ರಲ್ಲಿ ನಿಮ್ಮಲ್ಲಿ ಕಲಿತದ್ದು ನಿಜವೇ ಎಂದು ಕೇಳಿದರು. ಎರಡನೆಯ ರಿಜಿಸ್ಟರು ತೆಗೆದು ನೋಡಿ, ಹೌದು, ಜನವರಿಯಿಂದ ಜೂನ್, ಕ್ರಮಸಂಖ್ಯೆ 412 ಎಂದು ಹೇಳಿದೆ. ನೀವು ಯಾವ ಹುದ್ದೆಯಲ್ಲಿದ್ದೀರಿ ಎಂದು ಬರೆದುಕೊಳ್ಳಲು ಕೇಳಿದರು. ಸ್ವಲ್ಪ ಯೋಚಿಸಿ, ರಿಜಿಸ್ಟರು ಇಟ್ಟುಕೊಂಡಿರುವವರು ಎಂದು ಬರೆದುಕೊಳ್ಳಿ ಎಂದೆ.